ಒಂದರ ಜಾಗಕ್ಕೆ ಇನ್ನೊಂದು

ಸ್ಟ್ಯಾಕ್‌ಗೂ ಕ್ಯೂಗೂ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಮುಖ್ಯವಾಗಿ ಇರುವುದು ಎರಡೇ ಕೆಲಸ: ಒಳಗೆ ಹಾಕುವುದು, ಹೊರಗೆ ತೆಗೆಯುವುದು. ಎರಡೂ ಕಡೆ ಈ ಕೆಲಸಗಳಿಗೆ ಒಂದೇ ಹೆಸರಿಟ್ಟುಬಿಟ್ಟರೆ ಮೇಲ್ನೋಟಕ್ಕೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಒಳಗಿನ ನಡತೆ ಮಾತ್ರ ತದ್ವಿರುದ್ಧ. ಸ್ಟ್ಯಾಕ್ ಕೊನೆಯಲ್ಲಿ ಹಾಕಿದ್ದನ್ನು ಮೊದಲು ಕೊಡುತ್ತದೆ, ಕ್ಯೂ ಮೊದಲು ಹಾಕಿದ್ದನ್ನು ಮೊದಲು ಕೊಡುತ್ತದೆ. 1980ರ ದಶಕದಲ್ಲಿ ಹೆಸರುಗಳ ಹೊಂದಿಕೆಯನ್ನೇ ನೆಚ್ಚಿಕೊಂಡು, ಇವು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲಬಲ್ಲ ಟೈಪುಗಳೆಂದು ಬಗೆದವರಿದ್ದರು. ಎಂಐಟಿಯ ಬಾರ್ಬರಾ ಲಿಸ್ಕೊವ್ ಅವರಿಗೆ ಆ ಕಾಲದ ಲೇಖನಗಳನ್ನು ಓದುವಾಗ ಈ ಗೊಂದಲ ಕಣ್ಣಿಗೆ ಬಿತ್ತು.

ಅವರು ಆ ಲೇಖನಗಳನ್ನು ಓದಲು ಕುಳಿತದ್ದಕ್ಕೂ ಕಾರಣವಿತ್ತು. 1987ರ ಅಕ್ಟೋಬರಿನಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ನಡೆಯಲಿದ್ದ, ಆಬ್ಜೆಕ್ಟ್ ಆಧಾರಿತ ಪ್ರೋಗ್ರಾಮಿಂಗಿನ ಊಪ್ಸ್‌ಲಾ ಸಮ್ಮೇಳನದಲ್ಲಿ ಮುಖ್ಯ ಭಾಷಣ ಮಾಡಬೇಕೆಂದು ಅವರಿಗೆ ಕರೆ ಬಂದಿತ್ತು. ಅಷ್ಟು ಹೊತ್ತಿಗೆ ಅವರ ಗಮನವೆಲ್ಲ ಬೇರೆಬೇರೆ ಯಂತ್ರಗಳಲ್ಲಿ ಹಂಚಿಕೊಂಡು ಓಡುವ ವ್ಯವಸ್ಥೆಗಳ ಕಡೆಗೆ ಹೊರಳಿತ್ತು. ಆಬ್ಜೆಕ್ಟ್‌ಗಳ ಲೋಕದಲ್ಲಿ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳಲು ಇದೊಂದು ಅವಕಾಶವೆಂದು ಅವರು ಒಪ್ಪಿಕೊಂಡರು. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತ ಹೋಯಿತು: ಒಂದು ಕ್ಲಾಸಿನ ಮೇಲೆ ಇನ್ನೊಂದನ್ನು ಕಟ್ಟುವ ಇನ್‌ಹೆರಿಟೆನ್ಸ್ ಎಂಬ ಒಂದೇ ಸಾಧನವನ್ನು ಜನ ಎರಡು ಬೇರೆ ಕೆಲಸಗಳಿಗೆ ಬಳಸುತ್ತಿದ್ದರು, ಆದರೆ ಅವು ಎರಡೆಂಬ ಅರಿವು ಹೆಚ್ಚಿನವರಿಗೆ ಇರಲಿಲ್ಲ.

ಈ ಬೆರಕೆಯ ಮೂಲ ಇರುವುದು ನಾರ್ವೆಯಲ್ಲಿ. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯುಗಾರ್ಡ್ ಸಿಮುಲಾ ಭಾಷೆಯನ್ನು ಕಟ್ಟುತ್ತಿದ್ದರು. ಅವರ ಮುಂದಿದ್ದ ಉದಾಹರಣೆಗಳಲ್ಲಿ ಒಂದು ಸೇತುವೆಯ ಮೇಲಿನ ಸುಂಕದ ಕಟ್ಟೆ. ಅಲ್ಲಿ ಸಾಲುಗಟ್ಟುವ ಗಾಡಿಗಳಲ್ಲಿ ಲಾರಿಯೂ ಉಂಟು, ಬಸ್ಸೂ ಉಂಟು. ಸಾಲಿನಲ್ಲಿ ನಿಲ್ಲುವಾಗ ಎಲ್ಲವೂ ಬರೀ ವಾಹನ. ಸುಂಕ ಕಟ್ಟುವಾಗ ಒಂದೊಂದರ ಲೆಕ್ಕ ಬೇರೆ. 1966ರಲ್ಲಿ ಫ್ರಾನ್ಸಿನ ವಿಲಾರ್-ಡ-ಲಾನ್‌ನಲ್ಲಿ ನಡೆದ ಬೇಸಿಗೆ ಶಾಲೆಯಲ್ಲಿ ಟೋನಿ ಹೋರ್ ಅವರು ರೆಕಾರ್ಡುಗಳ ಒಳವರ್ಗಗಳ ಬಗ್ಗೆ ಕೊಟ್ಟ ಉಪನ್ಯಾಸಗಳಿಂದಲೂ ಇವರಿಗೆ ದಾರಿ ಹೊಳೆಯಿತು. 1967ರಲ್ಲಿ ಸಿಮುಲಾ 67 ಹೊರಬಂದಾಗ ಒಂದು ಕ್ಲಾಸಿನ ಮೇಲೆ ಇನ್ನೊಂದನ್ನು ಕಟ್ಟುವ ವಿಧಾನ ಭಾಷೆಯ ಭಾಗವೇ ಆಗಿತ್ತು. ಬರೆದ ಕೋಡನ್ನು ಮತ್ತೆ ಬರೆಯದೆ ಉಳಿಸಿಕೊಳ್ಳುವುದು ಒಂದು ಲಾಭ. ಲಾರಿಯನ್ನು ವಾಹನದ ಜಾಗದಲ್ಲಿ ಧೈರ್ಯವಾಗಿ ನಿಲ್ಲಿಸುವುದು ಇನ್ನೊಂದು. ಎರಡೂ ಒಂದೇ ವ್ಯಾಕರಣದಲ್ಲಿ ಬಂದದ್ದರಿಂದ ಮುಂದಿನ ಇಪ್ಪತ್ತು ವರ್ಷ ಇವನ್ನು ಬಿಡಿಸಿ ನೋಡುವವರು ಕಡಿಮೆಯಾದರು.

ಇದೇ ಹೊತ್ತಿಗೆ ಮತ್ತೊಂದು ಕಡೆಯಿಂದ, ಪ್ರೋಗ್ರಾಮು ಸರಿಯೆಂದು ಗಣಿತದಂತೆ ಸಾಧಿಸುವ ಪ್ರಯತ್ನ ಸಾಗುತ್ತಿತ್ತು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಹೋರ್ ಇದಕ್ಕೆ ತಳಪಾಯ ಹಾಕಿದರು. ಕೆಲಸ ಶುರುವಾಗುವ ಮುಂಚೆ ಏನು ನಿಜವಾಗಿರಬೇಕು ಎಂಬುದು ಪೂರ್ವಷರತ್ತು; ಕೆಲಸ ಮುಗಿದ ಮೇಲೆ ಏನು ನಿಜವಾಗಿರುತ್ತದೆ ಎಂಬುದು ಭರವಸೆ. 1972ರಲ್ಲಿ ಹೋರ್ ಇನ್ನೊಂದು ಹೆಜ್ಜೆ ಇಟ್ಟರು. ಒಳಗೆ ಡೇಟಾ ಹೇಗೆ ಜೋಡಿಸಿಟ್ಟಿದೆ ಎಂಬುದನ್ನು ಹೊರಗಿನ ಅಮೂರ್ತ ಕಲ್ಪನೆಗೆ ಹೊಂದಿಸುವ ಒಂದು ಫಂಕ್ಷನ್ ಬರೆದರೆ, ಒಳಗನ್ನು ಬದಲಿಸಿದರೂ ಹೊರಗಿನವರಿಗೆ ತೊಂದರೆಯಾಗದೆಂದು ಸಾಧಿಸಬಹುದೆಂದು ಅವರು ತೋರಿಸಿದರು. ಅವರು ಕೊಟ್ಟ ಉದಾಹರಣೆ ಸಿಮುಲಾದ ಕ್ಲಾಸಿನ ಮಾದರಿಯದೇ. ಐಬಿಎಂನ ವಿಯೆನ್ನಾ ಪ್ರಯೋಗಾಲಯದಲ್ಲಿ ಬೆಳೆದ ವಿಡಿಎಂ ಪದ್ಧತಿಯೂ ಇದೇ ದಾರಿ ಹಿಡಿಯಿತು. ಆದರೂ ಈ ಗಣಿತ ಆಬ್ಜೆಕ್ಟ್‌ಗಳ ವಂಶವೃಕ್ಷವನ್ನು ಮುಟ್ಟಲು ಬಹಳ ಕಾಲ ಹಿಡಿಯಿತು.

ಲಿಸ್ಕೊವ್ ಎರಡೂ ಕಡೆಯನ್ನು ಬಲ್ಲವರು. 1961ರಲ್ಲಿ ಬರ್ಕ್ಲಿಯಲ್ಲಿ ಗಣಿತದ ಪದವಿ ಮುಗಿಸಿ ಪ್ರಿನ್ಸ್‌ಟನ್‌ಗೆ ಅರ್ಜಿ ಹಾಕಿದಾಗ, ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಉತ್ತರ ಅವರಿಗೆ ಸಿಕ್ಕಿತ್ತು. ಕೆಲಸಕ್ಕೆ ಸೇರಿ, ಆಮೇಲೆ ಸ್ಟ್ಯಾನ್‌ಫರ್ಡಿಗೆ ಹೋಗಿ, ಜಾನ್ ಮೆಕಾರ್ತಿ ಅವರ ಮಾರ್ಗದರ್ಶನದಲ್ಲಿ ಚದುರಂಗದ ಕೊನೆಯಾಟದ ಪ್ರೋಗ್ರಾಮಿನ ಮೇಲೆ 1968ರಲ್ಲಿ ಡಾಕ್ಟರೇಟ್ ಪಡೆದರು. 1972ರಲ್ಲಿ ಎಂಐಟಿ ಸೇರಿದರು. ಎರಡು ವರ್ಷದ ನಂತರ ಸ್ಟೀಫನ್ ಜಿಲ್ಸ್ ಜೊತೆ ಬರೆದ ಲೇಖನದಲ್ಲಿ, ಟೈಪ್ ಎಂದರೆ ಅದರ ಮೇಲೆ ಮಾಡಬಹುದಾದ ಕೆಲಸಗಳ ಗುಂಪು, ಒಳಗಿನ ಜೋಡಣೆಯಲ್ಲ ಎಂಬ ನಿಲುವನ್ನು ಮುಂದಿಟ್ಟರು. ಆ ನಿಲುವಿನ ಮೇಲೆ ಕಟ್ಟಿದ ಭಾಷೆ ಸಿಎಲ್‌ಯು. ಅದರಲ್ಲಿ ಇನ್‌ಹೆರಿಟೆನ್ಸ್ ಇರಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಡವೆಂದೇ ಬಿಟ್ಟದ್ದು.

ಅಂಥ ಭಾಷೆ ಕಟ್ಟಿದವರು ಒರ್ಲ್ಯಾಂಡೊದಲ್ಲಿ ಇನ್‌ಹೆರಿಟೆನ್ಸ್ ಭಕ್ತರೇ ತುಂಬಿದ್ದ ಸಭೆಯ ಮುಂದೆ ನಿಂತು ಹೇಳಿದ ವಿಷಯ ಮೂಲತಃ ಚಿಕ್ಕದು. ಟಿ ಎಂಬ ಟೈಪಿಗಾಗಿ ಬರೆದ ಯಾವುದೇ ಪ್ರೋಗ್ರಾಮಿನಲ್ಲಿ ಅದರ ವಸ್ತುವಿನ ಜಾಗಕ್ಕೆ ಎಸ್ ಎಂಬ ಟೈಪಿನ ವಸ್ತುವನ್ನು ತಂದಿಟ್ಟರೂ ಆ ಪ್ರೋಗ್ರಾಮಿನ ನಡತೆ ಬದಲಾಗದಿದ್ದರೆ, ಆಗ ಮಾತ್ರ ಎಸ್ ಎಂಬುದು ಟಿಯ ಸಬ್‌ಟೈಪ್. ಹೆಸರು, ಆಕಾರ, ಕೋಡಿನ ಹಂಚಿಕೆ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಅಮೆರಿಕದಿಂದ ತಂದ 120 ವೋಲ್ಟಿನ ಮಿಕ್ಸಿಗೆ ಅಡಾಪ್ಟರ್ ಹಾಕಿ ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಚುಚ್ಚಿದರೆ ಪ್ಲಗ್ ಸಲೀಸಾಗಿ ಕೂರುತ್ತದೆ, ಸುಡುವುದು ಮೋಟಾರು. ಕಂಪೈಲರ್ ನೋಡುವುದು ಪ್ಲಗ್ಗನ್ನು. ಲಿಸ್ಕೊವ್ ಕೇಳಿದ್ದು ಮೋಟಾರಿನ ಮಾತು.

ಲೋಪ, ಆಗಮ, ಆದೇಶ ಸಂಧಿಗಳನ್ನು ಶಾಲೆಯಲ್ಲಿ ಕಲಿತ ಕನ್ನಡಿಗರಿಗೆ ಇಲ್ಲೊಂದು ಹಳೆಯ ಪರಿಚಯ ಹೊಳೆಯಬಹುದು. ಒಂದು ರೂಪದ ಜಾಗಕ್ಕೆ ಬಂದ ಆದೇಶ ಮೂಲರೂಪದಂತೆಯೇ ನಡೆದುಕೊಳ್ಳುತ್ತದೆ, ಆದರೆ ಮೂಲದ ಧ್ವನಿಯನ್ನೇ ಅವಲಂಬಿಸಿದ ವಿಧಿಗಳಲ್ಲಿ ಹಾಗಲ್ಲ ಎಂದು ಪಾಣಿನಿ ತನ್ನ ವ್ಯಾಕರಣದಲ್ಲಿ ಕಟ್ಟುಮಾಡಿದ್ದಾನೆ. ಲಿಸ್ಕೊವ್ ಅವರ ಕೆಲಸಕ್ಕೂ ಇದಕ್ಕೂ ಚಾರಿತ್ರಿಕ ನಂಟೇನೂ ಇಲ್ಲ. ಆದರೆ ಬದಲಿ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂದು ಗೆರೆ ಎಳೆಯಬೇಕಾದ ಅಗತ್ಯ ಎರಡೂ ಕಡೆ ಒಂದೇ.

ಆ ಗೆರೆಯೇ 1987ರ ಮಾತಿನಲ್ಲಿ ಇನ್ನೂ ಗಟ್ಟಿಯಾಗಿರಲಿಲ್ಲ. ಯಾವುದೇ ಪ್ರೋಗ್ರಾಮಿನ ನಡತೆಯೂ ಬದಲಾಗಬಾರದು ಎಂದರೆ ಅದು ಅತಿಯಾಯಿತು. ಎರಡು ವಸ್ತುಗಳ ನಡುವೆ ಒಂದಿಷ್ಟಾದರೂ ವ್ಯತ್ಯಾಸವಿದ್ದರೆ ಅದನ್ನು ಪತ್ತೆಮಾಡುವ ಪ್ರೋಗ್ರಾಮನ್ನು ಯಾರಾದರೂ ಬರೆಯಬಲ್ಲರು. ಅಂದಮೇಲೆ ಹೋಲಿಸಬೇಕಾದದ್ದು ಎರಡು ವಸ್ತುಗಳನ್ನಲ್ಲ, ಬದಲಿಯ ನಡತೆಯನ್ನು ಮೂಲದ ಬಗ್ಗೆ ಬರೆದಿಟ್ಟ ಕರಾರಿನ ಜೊತೆ. ಈ ತಿಳಿವಳಿಕೆ ಗಟ್ಟಿಯಾಗಲು ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ಹಲವು ದೇಶಗಳ ಹಲವರು ಇದಕ್ಕೆ ಕೈಹಚ್ಚಿದರು.

ಕರಾರನ್ನು ಭಾಷೆಯೊಳಗೇ ಬರೆಯಿಸಿದವರು ಬರ್ಟ್ರಾಂಡ್ ಮೆಯರ್. 1980ರ ದಶಕದ ನಡುವೆ ಅವರು ರೂಪಿಸಿದ ಐಫೆಲ್ ಭಾಷೆಯಲ್ಲಿ ಪ್ರತಿ ಮೆಥಡ್‌ಗೂ ಪೂರ್ವಷರತ್ತು, ಭರವಸೆ ಎರಡನ್ನೂ ಕೋಡಿನ ಪಕ್ಕದಲ್ಲೇ ಬರೆಯಬಹುದಿತ್ತು. ಚೈಲ್ಡ್ ಕ್ಲಾಸ್ ಒಂದು ಮೆಥಡನ್ನು ಬದಲಿಸಿ ಬರೆಯುವಾಗ ಪೂರ್ವಷರತ್ತನ್ನು ಸಡಿಲಿಸಬಹುದು, ಬಿಗಿಗೊಳಿಸುವಂತಿಲ್ಲ. ಭರವಸೆಯನ್ನು ಹೆಚ್ಚಿಸಬಹುದು, ಕುಗ್ಗಿಸುವಂತಿಲ್ಲ. ಒಂದು ಖಾತೆಯ ಟೈಪು ‘ಸೊನ್ನೆಗಿಂತ ಹೆಚ್ಚಿನ ಯಾವ ಮೊತ್ತವನ್ನಾದರೂ ಜಮಾ ಮಾಡಿ’ ಎಂದಿದ್ದರೆ, ಅದರ ಸಬ್‌ಟೈಪು ‘ನೂರು ರೂಪಾಯಿಗಿಂತ ಕಡಿಮೆ ಮುಟ್ಟುವುದಿಲ್ಲ’ ಎನ್ನಬಾರದು. ಮೂಲ ಖಾತೆಯ ಕರಾರನ್ನು ನಂಬಿ ಐವತ್ತು ರೂಪಾಯಿ ಕಳಿಸುವ ಪ್ರೋಗ್ರಾಮು ಈಗಾಗಲೇ ಎಲ್ಲೋ ಓಡುತ್ತಿರುತ್ತದೆ.

ಅದೇ ಮೆಯರ್ ಇನ್ನೊಂದು ಕಡೆ ಬಾಗಿಲು ತೆರೆದಿಟ್ಟರು. ಮೆಥಡ್ ತೆಗೆದುಕೊಳ್ಳುವ ಆರ್ಗ್ಯುಮೆಂಟಿನ ಟೈಪನ್ನು ಚೈಲ್ಡ್ ಕ್ಲಾಸ್ ಕಿರಿದುಗೊಳಿಸಲು ಐಫೆಲ್ ಬಿಡುತ್ತಿತ್ತು. ಹಿಮದ ಮೇಲೆ ಜಾರುವ ಆಟಕ್ಕೆ ಹೋದ ಹುಡುಗ ಹುಡುಗಿಯರಿಗೆ ಕೋಣೆ ಹಂಚುವ ಉದಾಹರಣೆಯನ್ನು ಮುಂದೆ ಅವರೇ ಚರ್ಚೆಗೆ ಎತ್ತಿಕೊಂಡರು: ಆಟಗಾರ ಯಾವ ಆಟಗಾರನ ಜೊತೆಗಾದರೂ ಕೋಣೆ ಹಂಚಿಕೊಳ್ಳಬಹುದು, ಹುಡುಗಿ ಹುಡುಗಿಯ ಜೊತೆ ಮಾತ್ರ. ಲೋಕದ ಕಣ್ಣಿಗೆ ಇದು ಸಹಜ. ಆದರೆ ಹುಡುಗಿಯನ್ನು ಬರೀ ಆಟಗಾರ್ತಿಯಾಗಿ ಕಾಣುವ ಪ್ರೋಗ್ರಾಮಿಗೆ ಈ ನಿರ್ಬಂಧ ಗೊತ್ತೇ ಇರುವುದಿಲ್ಲ. ಇಂಥ ತೂತುಗಳನ್ನು ವಿಲಿಯಂ ಕುಕ್ 1989ರ ಲೇಖನದಲ್ಲಿ ಒಂದೊಂದಾಗಿ ತೋರಿಸಿ, ಐಫೆಲ್ಲನ್ನು ಭದ್ರಪಡಿಸುವ ಸಲಹೆಗಳನ್ನೂ ಕೊಟ್ಟರು. ಮರುವರ್ಷ ಕುಕ್, ಹಿಲ್, ಕ್ಯಾನಿಂಗ್ ಸೇರಿ ಬರೆದ ಲೇಖನದ ಶೀರ್ಷಿಕೆಯೇ ಇನ್‌ಹೆರಿಟೆನ್ಸ್ ಬೇರೆ, ಸಬ್‌ಟೈಪಿಂಗ್ ಬೇರೆ ಎಂದು ಸಾರಿತು.

ನೆದರ್ಲ್ಯಾಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಪಿಯರ್ ಅಮೆರಿಕ ಎಂಬುವರು ಪೂಲ್ ಭಾಷೆಯ ಕೆಲಸದಲ್ಲಿ ಇದೇ ಪ್ರಶ್ನೆಗೆ ಬಂದು ತಲುಪಿದ್ದರು. ನಡತೆಯ ಸಬ್‌ಟೈಪಿಂಗ್ ಬಗ್ಗೆ ಗಂಭೀರವಾಗಿ ಬರೆದ ಮೊದಲಿಗರಲ್ಲಿ ಅವರೂ ಒಬ್ಬರು. ಆದರೆ ಇಂದು ಅವರ ಹೆಸರು ಪಠ್ಯಗಳಲ್ಲಿ ಕಾಣುವುದೇ ಅಪರೂಪ, ಇದು ಅನ್ಯಾಯ. ಎಂಐಟಿಯಲ್ಲೇ ಗ್ಯಾರಿ ಲೀವೆನ್ಸ್ 1989ರಲ್ಲಿ ಡಾಕ್ಟರೇಟಿಗಾಗಿ ಈ ವಿಷಯವನ್ನು ಹಿಡಿದರು. ಅವರ ಗುರಿ ಕೆಲಸಗಾರನಿಗೆ ಹತ್ತಿರದ್ದು: ಪೇರೆಂಟ್ ಟೈಪಿನ ಕರಾರನ್ನಷ್ಟೇ ಓದಿ ಪ್ರೋಗ್ರಾಮು ಸರಿಯೆಂದು ಸಾಧಿಸಿದ ಮೇಲೆ, ನಾಳೆ ಯಾರೋ ಹೊಸ ಸಬ್‌ಟೈಪ್ ಸೇರಿಸಿದರೂ ಆ ಸಾಧನೆಯನ್ನು ಮತ್ತೆ ಮಾಡಬೇಕಾಗಬಾರದು. ಸಾವಿರಾರು ಜನ ವರ್ಷಗಟ್ಟಲೆ ತಿದ್ದುವ ಕೋಡಿನಲ್ಲಿ ಇದೊಂದೇ ಬದುಕುವ ದಾರಿ.

1994ರ ನವೆಂಬರಿನಲ್ಲಿ ಲಿಸ್ಕೊವ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜನೆಟ್ ವಿಂಗ್ ಬರೆದ ಲೇಖನ ಎಸಿಎಂನ ಟೋಪ್ಲಾಸ್ ಪತ್ರಿಕೆಯಲ್ಲಿ ಬಂತು. ಅದರ ನಡುವಿನ ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು. ಬ್ಯಾಗ್ ಎಂಬ ಟೈಪಿನಲ್ಲಿ ಪೂರ್ಣಾಂಕಗಳನ್ನು ಹಾಕಬಹುದು, ತೆಗೆಯಬಹುದು. ಎಷ್ಟು ಹಿಡಿಯುತ್ತದೆ ಎಂಬ ಮಿತಿ ಉಂಟು, ಆ ಮಿತಿ ಎಂದೂ ಬದಲಾಗದು. ತೆಗೆಯುವಾಗ ಯಾವುದು ಬರುತ್ತದೆ ಎಂದು ಬ್ಯಾಗ್ ಮಾತು ಕೊಡುವುದಿಲ್ಲ, ಒಳಗಿರುವ ಯಾವುದಾದರೊಂದು ಬರುತ್ತದೆ ಅಷ್ಟೆ. ಈಗ ಸ್ಟ್ಯಾಕ್ ಬರಲಿ. ಅದು ಕೊನೆಯದನ್ನೇ ಕೊಡುತ್ತದೆ. ಕೊನೆಯದೂ ಒಳಗಿರುವ ‘ಯಾವುದಾದರೊಂದು’ ತಾನೆ? ಹಾಗಾಗಿ ಬ್ಯಾಗಿನ ಮಾತು ಉಳಿಯಿತು. ಸ್ಟ್ಯಾಕಿನ ಸಾಲಿನಿಂದ ಕ್ರಮವನ್ನು ಮರೆತು ಬರೀ ಅಂಕಿಗಳ ರಾಶಿಯನ್ನು ನೋಡುವ ಒಂದು ಫಂಕ್ಷನ್ ಬರೆದರೆ, ಸಾಧನೆ ಮುಗಿದಂತೆ. ಸ್ಟ್ಯಾಕ್ ಬ್ಯಾಗಿನ ಸಬ್‌ಟೈಪ್. ಕ್ಯೂ ಕೂಡ ಬ್ಯಾಗಿನ ಸಬ್‌ಟೈಪ್ ಆಗಬಲ್ಲುದು. ಆದರೆ ಸ್ಟ್ಯಾಕ್ ಮತ್ತು ಕ್ಯೂ ಒಂದಕ್ಕೊಂದು ಅಲ್ಲ, ಏಕೆಂದರೆ ಅವೆರಡೂ ಕ್ರಮದ ಬಗ್ಗೆ ಬೇರೆಬೇರೆ ಮಾತು ಕೊಟ್ಟಿವೆ.

ಸ್ಟ್ಯಾಕಿನಲ್ಲಿ ಬ್ಯಾಗಿಗೆ ಇಲ್ಲದ ಒಂದು ಮೆಥಡ್ ಇದೆ, ಮೇಲಿನ ಅಂಕಿಯನ್ನು ಬದಲಿಸುವುದು. ಹೊಸದಾಗಿ ಸೇರಿದ ಮೆಥಡ್ ಹಳಬರಿಗೆ ಅಚ್ಚರಿ ಹುಟ್ಟಿಸಬಾರದು. ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಆಗುವುದೂ ಅದೇ, ಹೀಗಾಗಿ ಬ್ಯಾಗಿನ ಬಳಕೆದಾರರು ಕಂಡಿರದ ಯಾವ ಸ್ಥಿತಿಯೂ ಹುಟ್ಟುವುದಿಲ್ಲ.

ಅಚ್ಚರಿ ಹುಟ್ಟಿಸುವ ಉದಾಹರಣೆಯೂ ಅಲ್ಲೇ ಇದೆ. ಬರೀ ಬೆಳೆಯುವ, ಎಂದೂ ಕುಗ್ಗದ ಒಂದು ಸೆಟ್. ಅದಕ್ಕೆ ಅಳಿಸುವ ಮೆಥಡ್ ಸೇರಿಸಿದ ಇನ್ನೊಂದು ಸೆಟ್. ಒಂದೊಂದು ಮೆಥಡನ್ನೂ ಪೂರ್ವಷರತ್ತು, ಭರವಸೆಗಳ ತಕ್ಕಡಿಯಲ್ಲಿ ತೂಗಿದರೆ ಎಲ್ಲವೂ ಸರಿ. ಆದರೂ ಇದು ಸಬ್‌ಟೈಪ್ ಅಲ್ಲ. ಒಂದೇ ವಸ್ತುವನ್ನು ಪ್ರೋಗ್ರಾಮಿನ ಎರಡು ಭಾಗಗಳು ಹಿಡಿದಿರಬಹುದು. ಒಂದು ಭಾಗ ‘ಸೇರಿಸಿದ್ದು ಇದ್ದೇ ಇರುತ್ತದೆ’ ಎಂದು ನಂಬಿ ಕುಳಿತಿರುವಾಗ ಇನ್ನೊಂದು ಭಾಗ ಅದನ್ನು ಅಳಿಸಿಬಿಡಬಹುದು. ಹಾಗಾಗಿ ವಸ್ತುವಿನ ಒಂದು ಗಳಿಗೆಯ ಸ್ಥಿತಿಯಷ್ಟೇ ಅಲ್ಲ, ಅದರ ಬಾಳಿನ ಇತಿಹಾಸವೇ ಪೇರೆಂಟ್ ಟೈಪಿನ ಕರಾರಿಗೆ ಒಪ್ಪಬೇಕು. ಸಬ್‌ಟೈಪ್ ಚರ್ಚೆಗೆ ಈ ಇತಿಹಾಸದ ನಿಯಮವನ್ನು ಸೇರಿಸಿದ್ದು ಲಿಸ್ಕೊವ್ ಮತ್ತು ವಿಂಗ್ ಅವರ ದೊಡ್ಡ ಕೊಡುಗೆ. ವಿಚಿತ್ರವೆಂದರೆ ಅವರ ಹೆಸರಿನಲ್ಲಿ ಇಂದು ಪಾಠ ಹೇಳುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ.

ಇಷ್ಟು ತಿಳಿದ ಮೇಲೂ ಉದ್ಯಮ ತನ್ನ ದಾರಿಯಲ್ಲೇ ನಡೆಯಿತು. 1996ರ ಆರಂಭದಲ್ಲಿ ಬಂದ ಜಾವಾದ ಮೊದಲ ಆವೃತ್ತಿಯಲ್ಲೇ ಸ್ಟ್ಯಾಕ್ ಎಂಬ ಕ್ಲಾಸನ್ನು ವೆಕ್ಟರ್ ಎಂಬುದರ ಕೆಳಗೆ ಇಟ್ಟರು. ಅದರಿಂದ ಸ್ಟ್ಯಾಕಿನ ನಟ್ಟನಡುವೆ ಯಾರು ಬೇಕಾದರೂ ವಸ್ತು ತುರುಕಬಹುದಾಯಿತು. ಸ್ಟ್ರಿಂಗುಗಳ ಅರೇಯನ್ನು ಆಬ್ಜೆಕ್ಟುಗಳ ಅರೇ ಎಂದು ದಾಟಿಸಲೂ ಜಾವಾ ಬಿಟ್ಟಿತು. ಜೆನೆರಿಕ್ಸ್ ಇಲ್ಲದ ಆ ಕಾಲದಲ್ಲಿ ಎಲ್ಲ ಬಗೆಯ ಅರೇಗಳಿಗೂ ಹೊಂದುವ ಒಂದೇ ಮೆಥಡ್ ಬರೆಯಲು ಅದು ಅನುಕೂಲವಾಗಿತ್ತು. ಆದರೆ ಅದರೊಳಗೆ ಸ್ಟ್ರಿಂಗ್ ಅಲ್ಲದ್ದನ್ನು ಹಾಕಹೊರಟರೆ ಓಡುತ್ತಿರುವಾಗಲೇ ಪ್ರೋಗ್ರಾಮು ಎಡವುತ್ತದೆ.

ಇನ್ನೂ ಸೂಕ್ಷ್ಮವಾದದ್ದು ದಿನಾಂಕದ ಕ್ಲಾಸುಗಳದು. ಜಾವಾದಲ್ಲಿ ಡೇಟ್ ಎಂಬುದರ ಕೆಳಗೆ, ಡೇಟಾಬೇಸಿನ ಬಳಕೆಗಾಗಿ ಟೈಮ್‌ಸ್ಟ್ಯಾಂಪ್ ಇದೆ. ಒಂದೇ ಕ್ಷಣವನ್ನು ಸೂಚಿಸುವ ಎರಡನ್ನು ತೆಗೆದುಕೊಂಡು, ನೀನು ಇದಕ್ಕೆ ಸಮವೇ ಎಂದು ಡೇಟನ್ನು ಕೇಳಿದರೆ ಹೌದು ಎನ್ನುತ್ತದೆ. ಅದೇ ಪ್ರಶ್ನೆಯನ್ನು ಟೈಮ್‌ಸ್ಟ್ಯಾಂಪಿಗೆ ಹಾಕಿದರೆ ಅಲ್ಲ ಎನ್ನುತ್ತದೆ. ಅ ಆಗೆ ಸಮ, ಆದರೆ ಆ ಅಗೆ ಸಮವಲ್ಲ! ಇಲ್ಲಿರುವ ಸಂಬಂಧ ಕೋಡಿನ ಹಂಚಿಕೆಗಷ್ಟೇ, ಟೈಪಿನ ಸಂಬಂಧವೆಂದು ತಿಳಿಯಬೇಡಿ ಎಂಬ ಎಚ್ಚರಿಕೆಯನ್ನು ಜಾವಾದ ಅಧಿಕೃತ ದಾಖಲೆಯೇ ಬರೆದುಕೊಂಡಿದೆ. ಕಂಪೈಲರಿಗೆ ಆ ಎಚ್ಚರಿಕೆ ಓದಲು ಬರುವುದಿಲ್ಲ.

ಜಾವಾ ಬಂದ ವರ್ಷವೇ ಬರೆಯದ ಕರಾರಿನ ಬೆಲೆ ಆಕಾಶದಲ್ಲಿ ಕಂಡಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿಯಾನ್ 5 ರಾಕೆಟ್ ಮೊದಲ ಬಾರಿಗೆ ಹಾರಿತು. ಹಾರಾಟದ ಸರಣಿ ಶುರುವಾಗಿ ಸುಮಾರು 40 ಸೆಕೆಂಡಿಗೆ, 3,700 ಮೀಟರ್ ಎತ್ತರದಲ್ಲಿ, ದಾರಿ ತಪ್ಪಿ ಒಡೆದುಹೋಯಿತು. ಜೊತೆಗೆ ಕ್ಲಸ್ಟರ್ ಹೆಸರಿನ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ಹೋದವು. ದಿಕ್ಕು, ವೇಗ ಅಳೆಯುವ ವ್ಯವಸ್ಥೆಯ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ತಂದಿದ್ದರು. ಅದರಲ್ಲಿ 64 ಬಿಟ್ಟಿನ ಒಂದು ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕವಾಗಿಸುವ ಸಾಲೊಂದಿತ್ತು. 32,767ಕ್ಕಿಂತ ದೊಡ್ಡ ಸಂಖ್ಯೆ ಆ ಪೂರ್ಣಾಂಕದಲ್ಲಿ ಹಿಡಿಯದು. ಏರಿಯಾನ್ 4ರಲ್ಲಿ ಸಂಖ್ಯೆ ಅಷ್ಟಕ್ಕೆ ಏರುತ್ತಲೇ ಇರಲಿಲ್ಲ. ಏರಿಯಾನ್ 5ರ ಅಡ್ಡವೇಗ ಐದು ಪಟ್ಟು ಬೇಗ ಏರಿತು, ಅದರೊಂದಿಗೆ ಆ ಸಂಖ್ಯೆಯೂ ಮಿತಿ ಮೀರಿತು. ಮೀಸಲು ಯಂತ್ರ ಮೊದಲು ನಿಂತಿತು, ಒಡನೆಯೇ ಮುಖ್ಯ ಯಂತ್ರವೂ ನಿಂತಿತು. ಎರಡರಲ್ಲೂ ಇದ್ದದ್ದು ಒಂದೇ ಸಾಫ್ಟ್‌ವೇರ್. ಆ ಲೆಕ್ಕ ಮಾಡುತ್ತಿದ್ದ ಭಾಗ ನೆಲ ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಬೇಕಾಗಿಯೇ ಇರಲಿಲ್ಲ.

ಗಣಿತಜ್ಞ ಝಾಕ್-ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿ ಜುಲೈನಲ್ಲೇ ವರದಿ ಕೊಟ್ಟಿತು. ಆ ಸಾಲಿಗೆ ರಕ್ಷಣೆ ಬೇಡವೆಂದು ನಿರ್ಧರಿಸಿದ್ದಕ್ಕೆ ಕಾರಣ ಕೋಡಿನಲ್ಲಿ ಎಲ್ಲೂ ಬರೆದಿರಲಿಲ್ಲ, ದಾಖಲೆಗಳ ರಾಶಿಯಲ್ಲಿ ಹೂತುಹೋಗಿತ್ತು ಎಂಬುದು ಅದು ಕಂಡುಕೊಂಡ ಮುಖ್ಯ ಸಂಗತಿಗಳಲ್ಲೊಂದು. 1997ರ ಜನವರಿಯಲ್ಲಿ ಜೆಝೆಕೆಲ್ ಮತ್ತು ಮೆಯರ್, ಆ ಪೂರ್ವಷರತ್ತನ್ನು ಮೆಥಡಿನ ನೆತ್ತಿಯ ಮೇಲೆ ಬರೆದಿದ್ದರೆ ಅಪಘಾತ ತಪ್ಪುತ್ತಿತ್ತೆಂದು ವಾದಿಸಿದರು. ಇದಕ್ಕೆ ಒಪ್ಪದವರೂ ಇದ್ದರು: ಬರೆದದ್ದನ್ನು ಓದಿ, ಹೊಸ ಪಥದ ಅಂಕಿಗಳೊಂದಿಗೆ ಪರೀಕ್ಷಿಸದಿದ್ದರೆ ಬರೆದೇನು ಪ್ರಯೋಜನ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ತಿರುಳಿದೆ. ಆದರೆ ಬರೆದಿರದದ್ದನ್ನು ಪರೀಕ್ಷಿಸುವುದು ಇನ್ನೂ ಕಷ್ಟ. ಮುಂದೆ ಏರಿಯಾನ್ 5 ನಂಬಿಕೆಗೆ ಅರ್ಹವಾದ ರಾಕೆಟ್ಟೇ ಆಯಿತು. 2018ರ ಡಿಸೆಂಬರಿನಲ್ಲಿ ಇಸ್ರೊದ ಜಿಸ್ಯಾಟ್-11 ಅದೇ ಕೂರೂವಿನಿಂದ ಅದರ ಮೇಲೇರಿ ಹೋಯಿತು, ಬೇರ್ಪಟ್ಟ ಮೇಲೆ ಹಾಸನದ ನಿಯಂತ್ರಣ ಕೇಂದ್ರ ಅದನ್ನು ಕೈಗೆ ತೆಗೆದುಕೊಂಡಿತು.

ಬದಲಿಯ ಈ ನಿಯಮಕ್ಕೆ ಲಿಸ್ಕೊವ್ ಹೆಸರು ಅಂಟಿದ್ದು ಅವರ ಅರಿವಿಗೆ ಬಾರದೆಯೇ. 1990ರ ದಶಕದಲ್ಲಿ ಯಾರೋ ಇಮೇಲ್ ಬರೆದು, ಲಿಸ್ಕೊವ್ ಸಬ್‌ಸ್ಟಿಟ್ಯೂಶನ್ ಪ್ರಿನ್ಸಿಪಲ್ ಎಂದರೆ ಇದೇ ತಾನೆ ಎಂದು ಕೇಳಿದಾಗಲೇ ತನ್ನ ಹೆಸರಿನಲ್ಲಿ ಒಂದು ತತ್ವ ಓಡಾಡುತ್ತಿದೆಯೆಂದು ಅವರಿಗೆ ಗೊತ್ತಾಯಿತು. ರಾಬರ್ಟ್ ಮಾರ್ಟಿನ್ 1996ರಲ್ಲಿ ಬರೆದ ಲೇಖನದಿಂದ ಅದು ಕೋಡ್ ಬರೆಯುವವರ ನಡುವೆ ಹರಡಿತು, ಆಮೇಲೆ ಸಾಲಿಡ್ ಎಂಬ ಐದು ನಿಯಮಗಳ ಗುಚ್ಛದಲ್ಲಿ ಮೂರನೆಯದಾಗಿ ಕುಳಿತಿತು. 2008ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ಫ್ರಾನ್ಸೆಸ್ ಆಲನ್ ನಂತರ ಅದನ್ನು ಪಡೆದ ಎರಡನೆಯ ಮಹಿಳೆ ಅವರು.

ಸಬ್‌ಟೈಪ್ ಕರಾರಿಗೆ ಬದ್ಧವಾಗಿದೆಯೇ ಎಂದು ಎಲ್ಲ ಸಂದರ್ಭಗಳಲ್ಲೂ ತಾನಾಗಿ ತೀರ್ಮಾನಿಸುವ ಕಂಪೈಲರ್ ಬರೆಯುವುದು ಸಾಧ್ಯವೇ ಇಲ್ಲ, ಗಣಿತವೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಆದರೆ ಕರಾರು ಬರೆದುಕೊಟ್ಟರೆ ಯಂತ್ರ ಬಹಳಷ್ಟು ಸಹಾಯ ಮಾಡುತ್ತದೆ. 1996ರಲ್ಲಿ ಕೃಷ್ಣ ಕಿಶೋರ್ ಧಾರಾ ಮತ್ತು ಲೀವೆನ್ಸ್, ಪೇರೆಂಟ್ ಟೈಪಿನ ಕರಾರು ಸಬ್‌ಟೈಪಿಗೆ ತಾನಾಗಿಯೇ ಇಳಿದು ಬರುವ ವಿಧಾನವನ್ನು ತೋರಿಸಿದರು. ಜಾವಾದಲ್ಲಿ ಕರಾರು ಬರೆಯಲು ಬಂದ ಜೆಎಂಎಲ್ ಅದನ್ನೇ ಅನುಸರಿಸಿತು. ಇಂದು ಡ್ಯಾಫ್ನಿಯಂಥ ಭಾಷೆಯಲ್ಲಿ, ಬದಲಿಸಿ ಬರೆದ ಮೆಥಡಿನ ಕರಾರು ಮೂಲದ್ದನ್ನು ಮೀರಿದರೆ ಪ್ರೋಗ್ರಾಮು ಪರಿಶೀಲನೆಯನ್ನೇ ದಾಟುವುದಿಲ್ಲ.

ಬೆಂಗಳೂರಿನ ಕೆಲಸದ ಸಂದರ್ಶನಗಳಲ್ಲಿ ಸಾಲಿಡ್‌ನ ಮೂರನೆಯ ನಿಯಮವನ್ನು ಕೇಳುವುದು ವಾಡಿಕೆ. ಉತ್ತರವಾಗಿ ಚೌಕ ಮತ್ತು ಆಯತದ ಉದಾಹರಣೆ ಬರುತ್ತದೆ: ಆಯತದ ಅಗಲ ಬದಲಿಸಿದರೆ ಎತ್ತರ ಹಾಗೇ ಇರುತ್ತದೆ, ಚೌಕದಲ್ಲಿ ಇರದು, ಆದ್ದರಿಂದ ಚೌಕ ಆಯತದ ಸಬ್‌ಟೈಪ್ ಅಲ್ಲ. ಇದು ಅರ್ಧ ಉತ್ತರ. ಅಗಲ ಎತ್ತರಗಳನ್ನು ಬದಲಿಸುವ ಮೆಥಡುಗಳೇ ಇಲ್ಲದ ಆಯತವಾದರೆ ಚೌಕ ಅದರ ಒಳ್ಳೆಯ ಸಬ್‌ಟೈಪೇ. ತೀರ್ಪು ಇರುವುದು ಆಕಾರದಲ್ಲಲ್ಲ, ಆಯತ ಕೊಟ್ಟ ಮಾತಿನಲ್ಲಿ. ಸಂದರ್ಶನಕ್ಕೆ ಸಿದ್ಧರಾಗುವ ಹುಡುಗ ಹುಡುಗಿಯರು, ಅವರನ್ನು ಸಂದರ್ಶಿಸುವ ಹಿರಿಯರು ಇಬ್ಬರೂ ಲಿಸ್ಕೊವ್ ಮತ್ತು ವಿಂಗ್ ಅವರ ಆ 1994ರ ಲೇಖನವನ್ನು ಒಮ್ಮೆ ಪೂರ್ತಿ ಓದಬೇಕು. ಮೂವತ್ತೊಂದು ಪುಟ ಇದೆ. ಬ್ಯಾಗ್ ಮತ್ತು ಸ್ಟ್ಯಾಕಿನ ಕರಾರುಗಳನ್ನು ಕಾಗದದ ಮೇಲೆ ಬರೆದುಕೊಂಡು, ಒಂದೊಂದು ಮೆಥಡನ್ನೂ ಕೈಯಾರೆ ಹೊಂದಿಸಿ ನೋಡಿದರೆ ಓದು ಹಗುರವಾಗುತ್ತದೆ.